ನೆಲದ ಕೆಳಗಿನ ಹೊಟ್ಟೆಕಿಚ್ಚು

ನನ್ನ ಗಂಡನನ್ನು ಬೀದಿಯವರೆಲ್ಲ ಹಲಗೆಯಣ್ಣ ಎಂದು ಕರೆಯುತ್ತಾರೆ. ಮರದ ನೆಲ ರಿಪೇರಿ ಅವರ ಕಸುಬು. ಮಣ್ಣಿನಿಂದ ಒಂದಿಷ್ಟು ಎತ್ತರಕ್ಕೆ ಗೋಡೆಯಿಂದ ಗೋಡೆಗೆ ತೊಲೆ ಕೂರಿಸಿ, ತೊಲೆಯ ಮೇಲೆ ಹಲಗೆ ಬಡಿದ ನೆಲ. ಇಲ್ಲಿಯ ಹಳೆಯ ಮನೆಗಳೆಲ್ಲ ಹಾಗೆಯೇ. ಮೇಲೆ ಜನ ಓಡಾಡುತ್ತಾರೆ, ಕೆಳಗೆ ಕತ್ತಲಲ್ಲಿ ಗಾಳಿ ಓಡಾಡುತ್ತದೆ. ಆ ಗಾಳಿ ನಿಂತರೆ ಮರ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ, ಒಂದು ದಿನ ಮಂಚದ ಕಾಲು ನೆಲದೊಳಗೆ ಇಳಿಯುತ್ತದೆ. ಆಗ ಜನ ನಮ್ಮವರನ್ನು ಹುಡುಕಿಕೊಂಡು ಬರುತ್ತಾರೆ. ಇವರು ಕೈಯಲ್ಲಿ ಟಾರ್ಚು ಹಿಡಿದು, ಹೊಟ್ಟೆಯ ಮೇಲೆ ತೆವಳುತ್ತ ಒಳಗೆ ಹೋಗಿ, ಸುತ್ತಿಗೆಯ ಹಿಡಿಯಿಂದ ತೊಲೆಗಳನ್ನು ತಟ್ಟುತ್ತಾರೆ. ಗಟ್ಟಿ ಮರದ ಸದ್ದೇ ಬೇರೆ, ಕೊಳೆತ ಮರದ ಸದ್ದೇ ಬೇರೆ. ಹೊರಗೆ ಬಂದ ಮೇಲೆ ತಲೆಯ ಮೇಲಿನ ಜೇಡರಬಲೆಯನ್ನು ಹಾಗೇ ಹೊತ್ತು ಮನೆಗೆ ತರುತ್ತಾರೆ. ಗುಡಿಸುವವಳು ನಾನು.

ಕುಡಿಯುವುದಿಲ್ಲ, ಜೂಜಾಡುವುದಿಲ್ಲ, ಕೆಲಸ ಒಪ್ಪಿಕೊಂಡರೆ ಅರ್ಧಕ್ಕೆ ಬಿಟ್ಟವರಲ್ಲ. ಆದರೆ ಹೊಟ್ಟೆಕಿಚ್ಚಿನ ಮನುಷ್ಯ. ಅದೂ ಎಲ್ಲರ ಮೇಲಲ್ಲ. ಪಕ್ಕದ ಮನೆಯವರು ಮಹಡಿಯ ಮೇಲೆ ಮಹಡಿ ಕಟ್ಟಿದರೂ ಇವರು ಕತ್ತೆತ್ತಿ ನೋಡುವವರಲ್ಲ. ಒಡಹುಟ್ಟಿದ ತಮ್ಮ ಒಂದು ಜೊತೆ ಹೊಸ ಚಪ್ಪಲಿ ಹಾಕಿಕೊಂಡರೆ ಸಾಕು, ಆ ದಿನ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ, ಬಾಗಿಲು ಬಡಿಯುವ ಸದ್ದು ಜಾಸ್ತಿ, ನನ್ನ ತಪ್ಪುಗಳೂ ಜಾಸ್ತಿ.

ನನ್ನ ಮೈದುನನಿಗೆ ಕನ್ನಡಕದ ಅಂಗಡಿ. ಬೆಳ್ಳಗಿನ ಕೈ, ಮೆತ್ತಗಿನ ಮಾತು. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸಿ, ಒಂದು ಹೆಜ್ಜೆ ಹಿಂದೆ ಸರಿದು, ತಾನೇ ಆ ಮುಖವನ್ನು ಮಾಡಿದವನ ಹಾಗೆ ನೋಡುತ್ತಾನೆ. ಅವನ ಮೇಲೆ ನಮ್ಮವರಿಗೆ ಇರುವ ಉರಿಗೆ ಕಾರಣ ಅಂಗಡಿಯಲ್ಲ, ಚಪ್ಪಲಿಯಲ್ಲ, ಅಮ್ಮ.

ಮಾವನವರದ್ದೂ ಇದೇ ಕಸುಬು. ಅವರು ತೀರಿಕೊಂಡ ಮೇಲೆ ಅತ್ತೆ ಎಲ್ಲಿರಬೇಕು ಎಂಬ ಮಾತು ಬಂತು. ಇಬ್ಬರು ಮಕ್ಕಳೂ ಬಾ ಎಂದರು. ಅತ್ತೆ ಸ್ವಲ್ಪ ಯೋಚಿಸಿ, "ಚಿಕ್ಕೋನ ಮನೇಲಿ ಬೆಳಗ್ಗೆ ಚೆನ್ನಾಗಿ ಬಿಸಿಲು ಬರತ್ತೆ, ಅಲ್ಲೇ ಇರ್ತೀನಿ" ಎಂದರು. ಅಷ್ಟೇ. ನಮ್ಮವರು ಆ ವಾರವಿಡೀ ಬೆಳಗ್ಗೆ ಎದ್ದು ನಮ್ಮ ಮನೆಯ ಒಂದೊಂದು ಕಿಟಕಿಯ ಹತ್ತಿರ ನಿಂತು ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿದರು. "ಇಲ್ಲೂ ಬರತ್ತಲ್ಲ ಕಣೇ" ಎಂದು ನನ್ನನ್ನು ಕರೆದು ತೋರಿಸಿದರು. ಬರುತ್ತದೆ, ನಿಜ. ನಾನೇನು ಮಾಡಲಿ?

ಅತ್ತೆಗೆ ಕಿವಿ ಮಂದ. ತಮಗೆ ಕೇಳಿಸದ್ದು ಬೇರೆಯವರಿಗೂ ಕೇಳಿಸದು ಎಂದುಕೊಂಡು ಗಟ್ಟಿಯಾಗಿ ಮಾತಾಡುತ್ತಾರೆ. ಅವರು ಗುಟ್ಟು ಹೇಳಿದರೆ ಬೀದಿಯ ತುದಿಯಲ್ಲಿರುವವರು ತಲೆಯಾಡಿಸಬಹುದು. ಮೈದುನ ಅಂಗಡಿಗೆ ಹೋದ ಹೊತ್ತು ನೋಡಿಕೊಂಡು ನಮ್ಮವರು ಅಮ್ಮನನ್ನು ನೋಡಲು ಹೋಗುತ್ತಿದ್ದರು. ಹೋಗಿ ಕೂತ ತಕ್ಷಣ ಶುರು. ಚಿಕ್ಕೋನು ಹೊಸ ಕನ್ನಡಕ ಮಾಡಿಕೊಟ್ಟ. ಚಿಕ್ಕೋನು ಮಾತ್ರೆ ನೆನಪು ಮಾಡ್ತಾನೆ. ಚಿಕ್ಕೋನು ಹಾಗೆ, ಚಿಕ್ಕೋನು ಹೀಗೆ. ಇವರು ಕೈಯಲ್ಲಿ ಚಹಾ ಹಿಡಿದುಕೊಂಡು, ಅದು ತಣ್ಣಗಾಗುವವರೆಗೆ ಕೇಳಿ, ಮನೆಗೆ ಬಂದು ನನ್ನ ಮೇಲೆ ರೇಗುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಬಾಯಿ ಬಿಟ್ಟು ಹೇಳಿಯೇಬಿಟ್ಟರು. "ನಾನು ಈ ಊರಿನ ಅರ್ಧ ಮನೆಗಳ ನೆಲ ಎತ್ತಿ ಕೂರಿಸಿದೀನಿ. ಅಮ್ಮ ಒಂದೇ ಒಂದ್ಸಲ, ದೊಡ್ಡೋನ ಕೆಲಸ ಚೆನ್ನಾಗಿದೆ ಅಂದಿದ್ರೆ ಸಾಕಿತ್ತು. ಸಾಯೋದ್ರೊಳಗೆ ಒಂದ್ಸಲ ಕೇಳ್ಬೇಕು."

"ಯಾರು ಸಾಯೋದ್ರೊಳಗೆ?" ಎಂದೆ.

"ಯಾರಾದ್ರೂ" ಎಂದು ತಟ್ಟೆ ತಳ್ಳಿ ಎದ್ದರು.

ಬರುಬರುತ್ತ ಆ ಕಡೆ ಹೋಗುವುದನ್ನೇ ಕಡಿಮೆ ಮಾಡಿದರು. ಕರೆದರೆ ಕೆಲಸ ಇದೆ ಎನ್ನುತ್ತಿದ್ದರು. ಕೆಲಸ ಇಲ್ಲದ ದಿನ ಹಿತ್ತಲಿನ ಕೊಟ್ಟಿಗೆಯಲ್ಲಿ ಕೂತು, ಹರಿತವಾಗಿಯೇ ಇದ್ದ ಉಳಿಗಳನ್ನು ಮತ್ತೆ ಮಸೆಯುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಮೈದುನ ನಮ್ಮ ಬಾಗಿಲಿಗೆ ಬಂದ. ಒಳಗೆ ಬಾ ಎಂದರೂ ಬರದೆ ಹೊಸ್ತಿಲ ಆಚೆಯೇ ನಿಂತು, "ಅಣ್ಣಾ, ಅಮ್ಮನ ಕೋಣೇಲಿ ನೆಲ ಕುಣೀತಿದೆ. ಹಳೇ ಚೀಲದ ಥರ ವಾಸನೆ ಬೇರೆ. ಸ್ವಲ್ಪ ಬಂದು ನೋಡ್ತೀಯಾ?" ಎಂದ.

ನಮ್ಮವರ ಮುಖ ನೋಡಬೇಕಿತ್ತು. ಒಳಗೆ ಹಬ್ಬ, ಹೊರಗೆ ಗಂಟು ಮುಖ. "ಈಗ ನೆನಪಾಯ್ತಾ ಅಣ್ಣ ಒಬ್ಬ ಇದಾನೆ ಅಂತ?" ಎಂದು ಕೇಳಿದರು. ಮಾರನೇ ಬೆಳಗ್ಗೆ ನಾನು ಚಹಾಕ್ಕೆ ನೀರಿಡುವ ಮೊದಲೇ ಚೀಲ ಹೆಗಲಿಗೇರಿಸಿ ಹೊರಟಿದ್ದರು. ನಾನೂ ಹಿಂದೆಯೇ ಹೋದೆ. ಓರಗಿತ್ತಿಯ ಮನೆಯ ನೆಲ ಕೊಳೆತಿದೆ ಎಂದರೆ ನೋಡಬೇಡವೇ?

ಅತ್ತೆಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ರಬ್ಬರಿನ ತಳವಿದ್ದ ದಪ್ಪ ಹಾಸು ಹಾಸಿದ್ದರು. ನಮ್ಮವರು ಅದರ ಒಂದು ಮೂಲೆ ಹಿಡಿದು ಎತ್ತಿದಾಗ ಎದ್ದ ವಾಸನೆಗೆ ನಾನು ಮೂಗಿಗೆ ಸೆರಗು ಒತ್ತಿದೆ. ಹಲಗೆಗಳು ಕಪ್ಪಾಗಿದ್ದವು. ಬೆರಳಲ್ಲಿ ಒತ್ತಿದರೆ ನೆನೆದ ಬ್ರೆಡ್ಡಿನ ಹಾಗೆ ಒಳಗೆ ಹೋಗುತ್ತಿತ್ತು. ಎರಡು ಹಲಗೆ ಕಿತ್ತು ಟಾರ್ಚು ಬಿಟ್ಟರೆ, ತೊಲೆಗಳ ಹೊಟ್ಟೆಯ ತುಂಬ ನೀರಿನ ಹನಿ ಸಾಲುಸಾಲಾಗಿ ತೂಗುತ್ತಿತ್ತು.

"ಪೈಪು ಒಡೆದಿದೆಯಾ ಅಣ್ಣ?" ಎಂದು ಮೈದುನ ಕೇಳಿದ.

ನಮ್ಮವರು ಹೊರಗೆ ಹೋಗಿ ಮನೆಯನ್ನು ಒಂದು ಸುತ್ತು ಹಾಕಿದರು. ಇಂಥ ಮನೆಗಳಿಗೆ ಗೋಡೆಯ ಬುಡದಲ್ಲಿ, ನೆಲಮಟ್ಟಕ್ಕಿಂತ ಸ್ವಲ್ಪ ಮೇಲೆ, ಕೈ ಹಿಡಿಸುವಷ್ಟು ಅಗಲದ ಗಾಳಿಕಿಂಡಿಗಳಿರುತ್ತವೆ. ಮುಂದಿನ ಕಿಂಡಿಯಲ್ಲಿ ಹೊಕ್ಕ ಗಾಳಿ ನೆಲದ ಕೆಳಗೆ ಹಾದು ಹಿಂದಿನ ಕಿಂಡಿಯಲ್ಲಿ ಹೊರಡಬೇಕು. ಮೈದುನನ ಮನೆಯ ಒಂದೊಂದು ಕಿಂಡಿಗೂ ಸ್ಪಂಜು ತುರುಕಿತ್ತು. ಸುಮ್ಮನೆ ತುರುಕಿದ್ದಲ್ಲ, ಕಿಂಡಿಯ ಅಳತೆಗೆ ಸರಿಯಾಗಿ, ಕನ್ನಡಕಕ್ಕೆ ಗಾಜು ಕತ್ತರಿಸುವವನ ಕೈಯಲ್ಲಿ ಕತ್ತರಿಸಿದ್ದು.

"ಅಮ್ಮನ ಕಾಲಿಗೆ ಹಲಗೆ ಸಂದಿಯಿಂದ ತಣ್ಣನೆ ಗಾಳಿ ಹೊಡೀತಿತ್ತು. ಅದಕ್ಕೆ ಮುಚ್ಚಿದೆ" ಎಂದ ಮೈದುನ.

"ಮನೆ ಮೂಗು ಮುಚ್ಚಿದೀಯ ಕಣೋ. ಕುದಿಯೋ ಪಾತ್ರೆಗೆ ತಟ್ಟೆ ಮುಚ್ಚಿದ್ರೆ ತಟ್ಟೆ ತಳದಲ್ಲಿ ಏನಿರತ್ತೆ? ನೀರು. ಮಣ್ಣಿನ ಹಸಿ ಎಲ್ಲ ಮೇಲೆ ಬಂದು ತಣ್ಣನೆ ಮರಕ್ಕೆ ತಾಗಿ ನೀರಾಗಿದೆ. ಮೇಲೆ ಬೇರೆ ರಬ್ಬರು ಹಾಸು. ಮರ ಎಲ್ಲಿಗೆ ಹೋಗ್ಬೇಕು?"

ಮೈದುನ ತಲೆ ತಗ್ಗಿಸಿದ. ಇವರು ಬೈಯುವುದನ್ನು ಬೈದರು, ಆದರೆ ಆ ಸ್ಪಂಜಿನ ತುಂಡೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮನೆಗೆ ಬರುವಾಗ ದಾರಿಯಲ್ಲಿ, "ಎಷ್ಟು ನೀಟಾಗಿ ಕತ್ತರಿಸಿದಾನೆ ನೋಡಿದ್ಯಾ" ಎಂದರು. ಸ್ವಲ್ಪ ದೂರ ನಡೆದು, "ಅಮ್ಮನ ಕಾಲು ತಣ್ಣಗಾಗತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ" ಎಂದರು. ತಮ್ಮನಾದವನು ತನ್ನ ಮನೆಯನ್ನೇ ಕೊಳೆಸಿಕೊಂಡಿದ್ದಾನೆ, ಅದಕ್ಕೂ ಇವರಿಗೆ ಹೊಟ್ಟೆಕಿಚ್ಚು.

ಕೋಣೆಯ ನೆಲವನ್ನೆಲ್ಲ ಎಬ್ಬಿಸಬೇಕು, ಕೊಳೆತ ತೊಲೆ ಬದಲಿಸಬೇಕು, ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಉಳಿದ ಮರ ಪೂರ್ತಿ ಆರಬೇಕು, ಆಮೇಲೆ ಹೊಸ ಹಲಗೆ. ಅಲ್ಲಿಯವರೆಗೆ ಅತ್ತೆ ಎಲ್ಲಿರುವುದು ಎಂದು ಓರಗಿತ್ತಿ ಕೇಳಿ ಮುಗಿಸುವ ಮೊದಲೇ ಇವರು "ನಮ್ಮನೇಲಿ" ಎಂದರು.

"ಪಕ್ಕದ ಕೋಣೇಲಿ ಇರಬಹುದಲ್ಲ ಅಣ್ಣ?" ಎಂದ ಮೈದುನ.

"ಬೂಷ್ಟಿನ ಗಾಳಿ ಅಮ್ಮನ ಎದೆಗೆ ಒಳ್ಳೇದಲ್ಲ" ಎಂದರು. ಮಾತು ಸುಳ್ಳಲ್ಲ. ಹೇಳುವಾಗ ಮೀಸೆಯಡಿಯಲ್ಲಿ ಇದ್ದ ನಗು ಮಾತ್ರ ಬೇರೆ ಕಥೆ ಹೇಳುತ್ತಿತ್ತು.

ಅತ್ತೆ ನಮ್ಮ ಮನೆಗೆ ಬಂದರು. ನಮ್ಮ ಮಲಗುವ ಕೋಣೆ ಅವರಿಗೆ ಹೋಯಿತು, ನಾವು ಹಜಾರಕ್ಕೆ ಬಂದೆವು. ಬಿಸಿಲು ಬೀಳುವ ಜಾಗಕ್ಕೆ ಕುರ್ಚಿ, ಕಾಲಿಗೆ ಬಿಸಿನೀರಿನ ಚೀಲ, ಕೈಗೆಟುಕುವ ಹಾಗೆ ನೀರಿನ ಚೊಂಬು. ಮದುವೆಯಾದಾಗಿನಿಂದ ಒಂದು ಲೋಟ ಎತ್ತಿಡದ ಗಂಡಸು ಅಮ್ಮನ ಹೊದಿಕೆಯನ್ನು ಬಿಸಿಲಿಗೆ ಹಾಕಿ ತೆಗೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು, ಸುಳ್ಳು ಯಾಕೆ ಹೇಳಲಿ? ನಾನು ಜ್ವರ ಬಂದು ಮಲಗಿದ್ದಾಗ ನನ್ನ ಹೊದಿಕೆಯ ಬಣ್ಣ ಯಾವುದೆಂದು ಇವರಿಗೆ ಗೊತ್ತಿರಲಿಲ್ಲ.

ಆದರೆ ಅತ್ತೆ ಕಿಟಕಿಯ ಹತ್ತಿರ ಕೂತು ಮಾಡಿದ್ದೇನು? "ಚಿಕ್ಕೋನು ಈ ಹೊತ್ತಿಗೆ ಅಂಗಡಿ ಬಾಗಿಲು ಹಾಕ್ತಾನೆ." "ಚಿಕ್ಕೋನಿಗೆ ಗಂಟಲು ಕೆಟ್ಟಿತ್ತು, ಈಗ ಹೇಗಿದಾನೋ." "ಚಹಾ ಅಂದ್ರೆ ಚಿಕ್ಕೋನು ಮಾಡ್ಬೇಕು." ಚಹಾ ಮಾಡಿ ತಂದವಳು ನಾನು, ಪಕ್ಕದಲ್ಲೇ ನಿಂತಿದ್ದೆ. ಇಡೀ ಬೀದಿಗೆ ಕೇಳಿಸಿತು.

ನಮ್ಮವರು ಸೋಲೊಪ್ಪಲಿಲ್ಲ. ಒಳ್ಳೆಯ ಗಟ್ಟಿ ಮರ ಆರಿಸಿ, ಅಮ್ಮನಿಗೆಂದು ಒಂದು ಕಾಲುಮಣೆ ಮಾಡಿದರು. ಅಂಚು ಉರುಟಾಗಿ, ಮೇಲ್ಮೈ ರೇಷ್ಮೆಯ ಹಾಗೆ. ಅತ್ತೆ ಅದರ ಮೇಲೆ ಕಾಲಿಟ್ಟು, ಅತ್ತಿತ್ತ ಉಜ್ಜಿ, "ಚೆನ್ನಾಗಿದೆ" ಎಂದರು. ನಮ್ಮವರ ಉಸಿರು ನಿಂತಿತು. "ಚಿಕ್ಕೋನಿಗೂ ಇಂಥದ್ದೊಂದು ಇದ್ದಿದ್ರೆ. ಪಾಪ, ಅಂಗಡೀಲಿ ನಿಂತು ನಿಂತು ಕಾಲು ಊದ್ಕೊಳತ್ತೆ." ಇವರು ಎದ್ದು ಕೊಟ್ಟಿಗೆಗೆ ಹೋದರು. ಸಿಟ್ಟಿನಲ್ಲಿ ಇನ್ನೊಂದು ಕಾಲುಮಣೆಯನ್ನೂ ಮಾಡಿದರು. ಮಾಡಿ, ಅದನ್ನು ತಮ್ಮನಿಗೆ ಕೊಡದೆ ಕೊಟ್ಟಿಗೆಯ ಬಾಗಿಲ ಹಿಂದೆ ಒಗೆದರು.

ಮೈದುನ ಆಗಾಗ ಸಂಜೆ ಬಂದು ಕೂರುತ್ತಿದ್ದ. ಇಬ್ಬರು ಮಕ್ಕಳೂ ಎದುರಿಗಿದ್ದಾಗ ಅತ್ತೆ ಇಬ್ಬರನ್ನೂ ಹೊಗಳುತ್ತಿರಲಿಲ್ಲ. ಆಗ ಮಾವನವರ ಗುಣಗಾನ. ಇದ್ದಷ್ಟು ದಿನ ಆ ಮನುಷ್ಯನ ಜೊತೆ ಹಾವು ಮುಂಗುಸಿಯ ಹಾಗೆ ಇದ್ದವರು, ಈಗ "ಅಂಥೋರು ಹುಟ್ಟಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ನಗು ಬಂದಿತ್ತೇ ಹೊರತು ಅದರಲ್ಲಿ ಏನೋ ಇದೆ ಎಂದು ಹೊಳೆಯಲಿಲ್ಲ.

ಹೊರಡುವಾಗ ಮೈದುನ ಪ್ರತಿ ಸಲ ಕೇಳುತ್ತಿದ್ದ. "ಮರ ಆರ್ತಾ ಅಣ್ಣ?"

"ಎಲ್ಲಿ ಆರತ್ತೆ. ವರ್ಷಗಟ್ಟಲೆ ಕುಡಿದ ನೀರು" ಎನ್ನುತ್ತಿದ್ದರು ಇವರು. ಎರಡು ಸೂಜಿಯ ಪುಟ್ಟ ಯಂತ್ರವೊಂದು ಇವರ ಹತ್ತಿರ ಇದೆ. ಮರಕ್ಕೆ ಚುಚ್ಚಿದರೆ ಎಷ್ಟು ತೇವ ಇದೆ ಎಂದು ತೋರಿಸುತ್ತದೆ. ಅದನ್ನು ಜೇಬಿನಿಂದ ತೆಗೆದು ತಮ್ಮನಿಗೆ ತೋರಿಸುತ್ತಿದ್ದರು. ಅವನು ಸಪ್ಪೆ ಮುಖ ಮಾಡಿಕೊಂಡು ಹೋಗುತ್ತಿದ್ದ.

ಒಳ್ಳೆಯ ಒಣ ಗಾಳಿಯ ದಿನಗಳು. ನಾನು ಬೆಳಗ್ಗೆ ಒಗೆದು ಹಾಕಿದ ಬಟ್ಟೆ ಮಧ್ಯಾಹ್ನಕ್ಕೆ ಹಪ್ಪಳವಾಗುತ್ತಿತ್ತು. ಇವರ ತೊಲೆಗಳು ಮಾತ್ರ ಹಟ ಹಿಡಿದು ಹಸಿಯಾಗಿಯೇ ಇದ್ದವು. ಇದೇ ಇವರು ಬೇರೆಯವರ ಮನೆಗಳಲ್ಲಿ, ಇದಕ್ಕಿಂತ ಕೆಟ್ಟ ಕಾಲದಲ್ಲಿ, ಇದಕ್ಕಿಂತ ಬೇಗ ಕೆಲಸ ಮುಗಿಸಿದ್ದನ್ನು ನಾನು ನೋಡಿದ್ದೇನೆ. ಆದರೂ ಮರದ ವಿಷಯ ನನಗೇನು ಗೊತ್ತು ಎಂದು ಸುಮ್ಮನಿದ್ದೆ.

ಒಂದು ದಿನ ಅತ್ತೆ ತಮ್ಮ ದಪ್ಪ ಶಾಲು ಬೇಕೆಂದರು. ತರಲು ನಾನೇ ಹೋದೆ. ಓರಗಿತ್ತಿ ಮುಂಬಾಗಿಲು ತೆಗೆಯಲಿಲ್ಲ, ಹಿತ್ತಲಲ್ಲಿ ಇರಬಹುದೆಂದು ಪಕ್ಕದ ಓಣಿಯಲ್ಲಿ ನಡೆದೆ. ಹಿಂಗೋಡೆಯ ಹತ್ತಿರ ನೀರಿನ ಡ್ರಮ್ಮು ಇದೆ. ಅದರ ಮರೆಯಲ್ಲಿ ಒಂದು ಗಾಳಿಕಿಂಡಿ. ಕಿಂಡಿಯೊಳಗೆ ನೀಲಿ ಪಟ್ಟೆಯ ಬಟ್ಟೆ ಕಂಡಿತು.

ಆ ನೀಲಿ ಪಟ್ಟೆ ನನಗೆ ಗೊತ್ತು. ಬಗ್ಗಿ ಎಳೆದೆ. ನನ್ನದೇ ಹಳೆಯ ದಿಂಬು. ಮೂಲೆಯಲ್ಲಿ ನಾನು ಹಾಕಿದ್ದ ತೇಪೆಯೂ ಇತ್ತು. ಅರಳೆ ನೆನೆದು ಮುದ್ದೆಯಾಗಿತ್ತು. ಆಚೆಯ ಕಿಂಡಿಯಲ್ಲಿ ಅದರ ಜೋಡಿ ದಿಂಬು. ಮುಂದಿನ ಕಿಂಡಿಗಳೆಲ್ಲ ಎಲ್ಲರಿಗೂ ಕಾಣುವ ಹಾಗೆ ಬಾಯಿ ತೆರೆದಿದ್ದವು, ಹಿಂದಿನವಕ್ಕೆ ನಮ್ಮ ಮನೆಯ ದಿಂಬು. ಗಾಳಿ ಬರಬಹುದು, ಹೋಗುವ ಹಾಗಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಎರಡನ್ನೂ ಹಿಂಡಿ ಚೀಲಕ್ಕೆ ಹಾಕಿಕೊಂಡೆ.

ಓರಗಿತ್ತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಒಳಗೆ ಕರೆದು ಚಹಾ ಕೊಟ್ಟಳು, ಶಾಲು ಹುಡುಕಿ ಕೊಟ್ಟಳು. ನಾನು ಕಳ್ಳಿಯ ಹಾಗೆ ಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದೆ. ಅವಳು ತನ್ನ ಲೋಟ ಹಿಡಿದು ಎದುರಿಗೆ ಕೂತು, "ಅಕ್ಕಾ, ಅತ್ತೆ ಅಲ್ಲಿ ಖುಷಿಯಾಗಿದಾರಾ?" ಎಂದು ಕೇಳಿದಳು.

"ನಿನ್ನ ಗಂಡನ ಹೆಸರು ಜಪ ಮಾಡ್ಕೊಂಡು ಚೆನ್ನಾಗಿದಾರೆ."

ಅವಳು ಲೋಟ ಕೆಳಗಿಟ್ಟಳು. "ಇವರ ಹೆಸರಾ? ಏನಕ್ಕಾ ತಮಾಷೆ ಮಾಡ್ತೀರಾ. ಇಲ್ಲಿದ್ದಷ್ಟು ದಿನ ಬೆಳಗಾದ್ರೆ ಭಾವನವರದ್ದೇ ಮಾತು. ದೊಡ್ಡೋನು ತಟ್ಟಿದ್ರೆ ಮರ ಮಾತಾಡತ್ತೆ, ದೊಡ್ಡೋನು ಸುಳ್ಳು ಹೇಳಲ್ಲ, ದೊಡ್ಡೋನ ಕೈ ಅಪ್ಪನ ಕೈ. ಇವರು ಅಂಗಡಿಯಿಂದ ಬಂದು ಕೂತ ಕೂಡ್ಲೇ ಶುರು. ಇವರಿಗೆ ಹೊಟ್ಟೆ ಉರಿದು ಉರಿದು ಊಟ ಸೇರ್ತಿರ್ಲಿಲ್ಲ."

ಅವಳು ಇನ್ನಷ್ಟು ಹತ್ತಿರ ಸರಿದು ಕೂತಳು.

"ಕಾಲಿಗೆ ಗಾಳಿ ಹೊಡೀತಿದೆ ಅಂದಾಗ ಅತ್ತೆ ಏನಂದ್ರು ಗೊತ್ತಾ? ದೊಡ್ಡೋನನ್ನ ಕರಿ, ಅವನು ಬಂದ್ರೆ ಸರಿ ಮಾಡ್ತಾನೆ ಅಂದ್ರು. ಇವರಿಗೆ ಎಲ್ಲಿತ್ತೋ ಸಿಟ್ಟು. ಯಾಕೆ, ನನ್ನ ಕೈಲಿ ಆಗಲ್ವಾ ಅಂತ ಅಂಗಡಿಯಿಂದ ಸ್ಪಂಜು ತಂದು ತಾವೇ ಕತ್ತರಿಸಿ ತುರುಕಿದ್ರು. ಅವತ್ತೇ ಭಾವನವರನ್ನ ಕರೆದಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಇಲ್ಲಿ ಎರಡೂ ಒಂದೇ ಕಡೆಗೆ ಎಳೆದಿದ್ದವು. ಅಣ್ಣನ ಮೇಲಿನ ಹೊಟ್ಟೆಕಿಚ್ಚಿಗೆ ತಮ್ಮ ಮುಚ್ಚಿದ ಕಿಂಡಿ, ತಮ್ಮನ ಮೇಲಿನ ಹೊಟ್ಟೆಕಿಚ್ಚಿಗೆ ಅಣ್ಣ ಮುಚ್ಚಿದ ಕಿಂಡಿ. ಕೊಳೆತದ್ದು ಮಾತ್ರ ಏನೂ ಅರಿಯದ ಮರ. ಚೀಲದೊಳಗಿನ ದಿಂಬು ನನ್ನ ಮಡಿಲನ್ನು ಒದ್ದೆ ಮಾಡುತ್ತಿತ್ತು. ಅದನ್ನು ತೆಗೆದು ಓರಗಿತ್ತಿಗೆ ತೋರಿಸಬೇಕು ಎನ್ನಿಸಿತು. ತೋರಿಸಲಿಲ್ಲ. ಗಂಡನ ಮಾನ ಅಂತ ಒಂದಿರುತ್ತದಲ್ಲ.

ಮನೆಗೆ ಬಂದಾಗ ನಮ್ಮವರು ಕೊಟ್ಟಿಗೆಯಲ್ಲಿ ತೋಪಡಾ ಹಿಡಿದು ಹಲಗೆಯ ಮೈ ಹೆರೆದು ನುಣುಪು ಮಾಡುತ್ತಿದ್ದರು. ನಾನು ಎರಡು ದಿಂಬನ್ನೂ ತಂದು ಹಲಗೆಯ ಮೇಲೆಯೇ ಇಟ್ಟೆ. ತೋಪಡಾ ನಿಂತಿತು.

"ಇದು ಯಾರ ದಿಂಬು ಹೇಳಿ?"

ಅವರು ದಿಂಬನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ಬೇಲೀನೇ ಎದ್ದು ಹೊಲ ಮೇಯ್ದ್ರೆ ಕಾಯೋರ್ಯಾರು ರೀ? ಕಂಡೋರ ಮನೇಲಿ ಒಂದು ಹನಿ ಕಂಡ್ರೆ ಬಾಯಿ ಬಡ್ಕೊಳೋ ನೀವು, ಒಡಹುಟ್ಟಿದೋನ ಮನೆ ನೆಲ ಬೇಕೂಂತ ಒದ್ದೆ ಇಟ್ಟಿದೀರಲ್ಲ."

"ಆರಿದ್ರೆ ಅಮ್ಮ ಹೋಗ್ತಾಳೆ ಕಣೇ" ಎಂದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ, ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬೈಗುಳದಲ್ಲಿ ಅರ್ಧ ನನಗೆ ಮರೆತುಹೋಯಿತು. "ಇನ್ನೊಂದ್ ಸ್ವಲ್ಪ ದಿನ ಇದ್ರೆ, ಇಲ್ಲಿ ಚೆನ್ನಾಗಿದೆ ಅನ್ನಿಸಬಹುದು ಅಂತ. ಒಂದ್ಸಲ ಬಾಯಿ ಬಿಟ್ಟು ಹೇಳಬಹುದು ಅಂತ."

ಆಗ ನಾನು ಓರಗಿತ್ತಿ ಹೇಳಿದ್ದನ್ನೆಲ್ಲ ಹೇಳಿದೆ. ತಟ್ಟಿದರೆ ಮರ ಮಾತಾಡುವುದು, ಅಪ್ಪನ ಕೈ, ಸ್ಪಂಜು, ಎಲ್ಲ. ಅವರು ಕೇಳಿ, ತೋಪಡಾದ ಬಾಯಿಂದ ಸಿಪ್ಪೆ ತೆಗೆದು ಕೆಳಗೆ ಹಾಕಿದರು.

"ನನ್ನ ಸಮಾಧಾನಕ್ಕೆ ಕಟ್ಟಿ ಹೇಳ್ತಿದೀಯ."

"ನಿಮ್ಮ ಸಮಾಧಾನಕ್ಕೆ ನಾನ್ಯಾಕೆ ಕಥೆ ಕಟ್ಟಲಿ? ನನಗೆ ಬೇರೆ ಕೆಲಸ ಇಲ್ವಾ? ದೂರದ ಬೆಟ್ಟ ನುಣ್ಣಗೆ ಕಾಣ್ಸತ್ತೆ. ನಿಮ್ಮಮ್ಮನಿಗೆ ಯಾವ ಮಗ ಎದುರಿಗಿಲ್ವೋ ಅವನೇ ಚಿನ್ನ. ಅಷ್ಟೇ."

"ಹಾಗಾದ್ರೆ ನನ್ನ ಎದುರಿಗೆ ಒಂದ್ಸಲಾನೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು. ನಂಬಲಿಲ್ಲ ಆ ಮನುಷ್ಯ. ಆದರೆ ದಿಂಬುಗಳನ್ನು ಹಲಗೆಯ ಮೇಲಿನಿಂದ ಎತ್ತಿಕೊಂಡು ಹೋಗಿ ಒಲೆಗೆ ಹಾಕಿದರು.

ಆಮೇಲೆ ಕೆಲಸ ಓಡಿತು. ಎರಡೂ ಕಡೆಯ ಕಿಂಡಿ ತೆರೆದಿದ್ದರಿಂದ ಮರ ಬೇಗ ಆರಿತು. ಸೂಜಿ ಯಂತ್ರ ಈ ಸಲ ತೋರಿಸಿದ್ದನ್ನು ತೋರಿಸಿದ ಹಾಗೆಯೇ ತಮ್ಮನಿಗೆ ಹೇಳಿದರು. ಹೊಸ ತೊಲೆ ಕೂರಿಸಿದರು. ಹಲಗೆ ಬಡಿಯುವ ಮೊದಲು, ಯಾರೂ ಕೇಳದಿದ್ದರೂ, ತೊಲೆ ತೊಲೆಯ ನಡುವೆ ಬಲೆ ಬಿಗಿದು, ಅದರೊಳಗೆ ದಪ್ಪನೆ ಉಣ್ಣೆಯ ಹಾಸು ಇಟ್ಟರು. ಕೆಳಗೆ ಗಾಳಿ ತನ್ನ ಪಾಡಿಗೆ ಹಾಯುತ್ತದೆ, ಮೇಲೆ ಕಾಲಿಗೆ ಚಳಿ ತಾಗುವುದಿಲ್ಲ. ಸ್ಪಂಜಿನವನಿಗೆ ಅಣ್ಣ ಕೊಟ್ಟ ಉತ್ತರ ಅದು ಎಂದು ನನಗೆ ಗೊತ್ತಾಯಿತು. ಪ್ರೀತಿಯಲ್ಲೂ ತಮ್ಮನನ್ನು ಮೀರಿಸಬೇಕಲ್ಲ.

ಅತ್ತೆ ಹೊರಟ ದಿನ ಇವರು ಕಾಲುಮಣೆ ಹಿಡಿದುಕೊಂಡು ಹಿಂದೆ ಹಿಂದೆ ಬೀದಿಯವರೆಗೂ ಹೋದರು. ಅತ್ತೆ ಚಿಕ್ಕ ಮಗನ ಕೈ ಹಿಡಿದು ನಡೆಯುತ್ತ, "ನಿಮ್ಮಪ್ಪ ಇದ್ದಿದ್ರೆ ನೋಡ್ತಿದ್ರು" ಎಂದು ಏನೋ ಹೇಳುತ್ತಿದ್ದರು. ನೆಲದ ಬಗ್ಗೆ ಒಂದು ಮಾತಿಲ್ಲ. ಇವರು ಮನೆಗೆ ಬಂದು ಖಾಲಿ ಕುರ್ಚಿಯನ್ನು ಕಿಟಕಿಯ ಹತ್ತಿರದಿಂದ ಎತ್ತಿ ಮೂಲೆಗಿಟ್ಟರು. "ಇನ್ನು ಆಸೆ ಬಿಟ್ಟೆ" ಎಂದರು. ಬಿಟ್ಟವರ ಮುಖ ಹಾಗಿರುವುದಿಲ್ಲ.

ಚಳಿ ಶುರುವಾದ ಮೇಲೆ ನೆಲದ ಕೆಳಗೆ ಒಮ್ಮೆ ನೋಡಬೇಕು, ಮರ ಬೆವರುವುದಾದರೆ ಆಗಲೇ ಬೆವರುತ್ತದೆ. ಅದಕ್ಕೆಂದು ಇವರು ಹೊರಟಾಗ ನಾನೂ ಜೊತೆಗೆ ಹೋದೆ. ಮೈದುನ ಅಂಗಡಿಗೆ ಹೋಗಿದ್ದ, ಓರಗಿತ್ತಿ ಪೇಟೆಗೆ ಹೊರಟು ನಿಂತಿದ್ದಳು. ಅತ್ತೆ ಮಂಪರಿನಲ್ಲಿದ್ದರು. ಎಬ್ಬಿಸುವುದು ಬೇಡ ಎಂದು ಇವರು ಹೊರಗಿನಿಂದಲೇ, ಗೋಡೆಯ ಬುಡದ ಸಣ್ಣ ಬಾಗಿಲಿನಿಂದ ಕೆಳಗೆ ತೆವಳಿದರು. ನಾನು ಒಳಗೆ ಹೋಗಿ ಅತ್ತೆಯ ಮಂಚದ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಅವರಿಗೆ ಎಚ್ಚರವಾಯಿತು.

ಕಾಲ ಕೆಳಗೆ ಟಕ್, ಟಕ್ ಎಂದು ಸುತ್ತಿಗೆಯ ಹಿಡಿ ತೊಲೆಗೆ ತಟ್ಟುವ ಸದ್ದು ನನಗೆ ಕೇಳುತ್ತಿತ್ತು. ಅತ್ತೆಗೆ ಕೇಳಲಿಲ್ಲ. ಅವರು ಎದ್ದು ಕೂತು, ಬರಿಗಾಲನ್ನು ಹಲಗೆಯ ಮೇಲಿಟ್ಟು, ನನ್ನನ್ನು ನೋಡಿದರು.

"ಒಬ್ಬಳೇ ಬಂದ್ಯೇನಮ್ಮ?"

ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಕಾಲು ಹೇಗಿದೆ ಅತ್ತೆ?" ಎಂದು ಅವರ ಕಿವಿಯ ಹತ್ತಿರ ಕೇಳಿದೆ.

"ಕಾಲಾ? ನೋಡು, ಮುಟ್ಟಿ ನೋಡು. ಬೆಚ್ಚಗಿದೆ. ಈ ಚಳೀಲಿ ಬರಿಗಾಲಲ್ಲಿ ಕೂತಿದೀನಿ. ದೊಡ್ಡೋನ ಕೆಲಸ ಅಂದ್ರೆ ಹಾಗೆ." ಎಂದಿನ ಹಾಗೆ ಬೀದಿಗೆ ಕೇಳಿಸುವ ದನಿ. "ಅವನು ಸಣ್ಣ ಹುಡುಗ ಆಗಿದ್ದಾಗ ನಾನು ಅಡುಗೆ ಮನೇಲಿ ಕೂತ್ರೆ ಸಾಕು, ಓಡಿ ಹೋಗಿ ಹಲಗೆ ತುಂಡು ತಂದು, ಅಮ್ಮ ಇದರ ಮೇಲೆ ಕೂತ್ಕೋ ಅನ್ನೋನು. ಯಾರು ಹೇಳಿಕೊಟ್ಟಿದ್ರು ಅವನಿಗೆ? ಯಾರೂ ಇಲ್ಲ."

ಕೆಳಗೆ ತಟ್ಟುವ ಸದ್ದು ನಿಂತಿತು.

"ಇವರಪ್ಪನ ಕೈಲೂ ಇಂಥ ಕೆಲಸ ಆಗ್ತಿರ್ಲಿಲ್ಲ ಕಣಮ್ಮ. ನಾನು ರಾತ್ರಿ ಎದ್ದಾಗ ಈ ನೆಲದ ಮೇಲೆ ಕಾಲಿಟ್ರೆ, ದೊಡ್ಡೋನು ಕೆಳಗೆ ಕೈ ಕೊಟ್ಟು ಹಿಡ್ಕೊಂಡಿದಾನೆ ಅನ್ನಿಸತ್ತೆ. ಬಿಡು, ಅವನಿಗೆ ಇದೆಲ್ಲ ಹೇಳಿದ್ರೆ ತಲೆ ಮೇಲೆ ಕೂತ್ಕೋತಾನೆ."

ಸದ್ದು ಮತ್ತೆ ಶುರುವಾಗಲಿಲ್ಲ. ನಾನು ಮನೆಯಲ್ಲಿ ಊಟಕ್ಕೆ ಕೂಗಿ ಕೂಗಿ ಗಂಟಲು ಹರಿದರೂ ನಿಲ್ಲದ ಸುತ್ತಿಗೆ ಅದು. ಎಷ್ಟು ಹೊತ್ತು ಹಾಗೆ ಮಲಗಿದ್ದರೋ ಮಣ್ಣಿನ ಮೇಲೆ. ಅತ್ತೆ ಹೇಳುತ್ತಲೇ ಇದ್ದರು. ನಾನು ನನ್ನ ಕಾಲಬೆರಳಿನ ಕೆಳಗಿನ ಹಲಗೆಯನ್ನೇ ನೋಡುತ್ತ ಕೂತೆ. ಹೊಟ್ಟೆ ಉರಿಯಿತು ನನಗೆ. ಇವರು ನನ್ನ ಬಗ್ಗೆ ಯಾರಾದರೂ ಒಳ್ಳೆಯದು ಹೇಳಿದಾಗ ಹೀಗೆ ಉಸಿರು ಹಿಡಿದು ಕೇಳಿದ್ದು ನನಗೆ ನೆನಪಿಲ್ಲ.

ಕೊನೆಗೆ ಹೊರಗಿನ ಸಣ್ಣ ಬಾಗಿಲು ಕಿರ್ರೆಂದಿತು. ನಮ್ಮವರು ಒಳಗೆ ಬಂದರು. ತಲೆಯ ಮೇಲೆ ಜೇಡರಬಲೆ, ಕೆನ್ನೆಗೆ ಮಣ್ಣು. ಆ ಮಣ್ಣಿನ ಮೇಲೆ ಎರಡು ಗೆರೆ ಇಳಿದಿತ್ತು. ಅಮ್ಮನ ಎದುರಿಗೆ ಬಂದು, ಏನೋ ಸಿಗುತ್ತದೆ ಎಂದು ಕಾಯುವವರ ಹಾಗೆ ಕೈ ಕಟ್ಟಿ ನಿಂತರು.

ಅತ್ತೆ 'ಚಿಕ್ಕೋನು ಕೊಟ್ಟ' ಕನ್ನಡಕ ಏರಿಸಿ ನೋಡಿದರು. "ಓ, ಯಾವಾಗ ಬಂದೆ? ನೋಡು, ಚಿಕ್ಕೋನು ಇನ್ನೂ ಬಂದಿಲ್ಲ. ಅವನ ಹಾಗೆ ದುಡಿಯೋರು ಯಾರಿದಾರೆ ಹೇಳು? ನಿಂತೇ ಇರ್ತಾನೆ ಪಾಪ, ಬೆಳಗ್ಗಿಂದ ಸಂಜೆವರೆಗೂ."

ನಾನು ಕಣ್ಣು ಮುಚ್ಚಿಕೊಂಡೆ. ಈಗ ಬಾಗಿಲು ಬಡಿಯುತ್ತಾರೆ ಎಂದುಕೊಂಡೆ. ಬಾಗಿಲಿನ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಇವರು ಚಿಕ್ಕೋನ ಪುರಾಣವನ್ನು ಪೂರ್ತಿ ಕೇಳಿಸಿಕೊಂಡು ನಿಂತಿದ್ದಾರೆ. ಮುಗಿದ ಮೇಲೆ ಅಮ್ಮನ ಕಿವಿಯ ಹತ್ತಿರ ಬಗ್ಗಿ, "ಆ ಮೂಲೇಲಿ ಒಂದು ತೊಲೆ ನೋಡೋದು ಬಾಕಿ ಇದೆ ಅಮ್ಮ, ಹೊರಗಡೆ ಹೋಗ್ತೀನಿ" ಎಂದರು.

ಟಾರ್ಚು ಎತ್ತಿಕೊಂಡು ನನ್ನ ಪಕ್ಕ ಹಾದುಹೋಗುವಾಗ ಮೆಲ್ಲಗೆ ಹೇಳಿದರು. "ನೀನು ಎದ್ದು ಬರಬೇಡ. ಅಮ್ಮನ ಹತ್ರ ಮಾತಾಡ್ತಿರು."